ಎಲ್ಲ ಪಾರ್ಟೂ ಒಳ್ಳೇದೇ, ಆದ್ರೆ ಕಂಪ್ಯೂಟರ್ ಆನ್ ಆಗಲ್ಲ!

ವೀಕ್ಷಕರೇ, ಇವತ್ತು ರಾಜಕೀಯ ಬೇಡ. ಯಾರು ಯಾವ ಪಕ್ಷಕ್ಕೆ ಹಾರಿದರು, ಯಾರ ಕುರ್ಚಿ ಅಲ್ಲಾಡ್ತಿದೆ ಅನ್ನೋದನ್ನೆಲ್ಲ ನಾಳೆ ಮಾತಾಡೋಣ. ಇವತ್ತು ಒಬ್ಬ ಅಪ್ಪನ ಬಗ್ಗೆ ಹೇಳ್ತೀನಿ, ಒಂದು ಕೊಟೇಶನ್ ಚೀಟಿ ಬಗ್ಗೆ ಹೇಳ್ತೀನಿ.

ಹಾವೇರಿ ಜಿಲ್ಲೆಯ ವೀಕ್ಷಕರೊಬ್ಬರು ನನಗೊಂದು ಮೆಸೇಜ್ ಕಳಿಸಿದ್ದರು. ಅವರ ಮಗಳು ಸಿವಿಲ್ ಎಂಜಿನಿಯರಿಂಗ್ ಓದ್ತಾಳೆ. ಮನೆಯಲ್ಲೇ ಡ್ರಾಯಿಂಗ್ ಕೆಲಸ ಮಾಡೋಕೆ ಕಂಪ್ಯೂಟರ್ ಬೇಕು. ಲ್ಯಾಪ್‌ಟಾಪ್ ದುಬಾರಿ ಆಗುತ್ತೆ, ಪಾರ್ಟ್ ಪಾರ್ಟ್ ತಗೊಂಡು ಡೆಸ್ಕ್‌ಟಾಪ್ ಜೋಡಿಸಿಕೊಂಡ್ರೆ ಅದೇ ದುಡ್ಡಿಗೆ ಒಳ್ಳೇದು ಸಿಗುತ್ತೆ ಅಂತ ಯಾರೋ ಹೇಳಿದ್ದಾರೆ. ಹೇಳಿದ್ದು ಸುಳ್ಳಲ್ಲ. ಆ ವರ್ಷದ ಮೆಣಸಿನಕಾಯಿ ಮಾರಿದ ದುಡ್ಡು ಕೈಯಲ್ಲಿದೆ. ಅಂಗಡಿಯವರು ಒಂದು ಪಟ್ಟಿ ಬರೆದುಕೊಟ್ಟಿದ್ದಾರೆ. "ಸರ್, ನೀವು ಎಂಜಿನಿಯರಿಂಗ್ ಓದಿದವರು ಅಂತ ಕೇಳಿದ್ದೀನಿ. ಒಂದು ಸಲ ನೋಡಿ ಹೇಳ್ತೀರಾ? ಸೋಮವಾರ ಅಡ್ವಾನ್ಸ್ ಕೊಡಬೇಕು." ಇಷ್ಟೇ ಮೆಸೇಜ್.

ಪಟ್ಟಿ ನೋಡಿದೆ. ಇಂಟೆಲ್ ಕೋರ್ ಐ5-12400ಎಫ್ ಪ್ರೊಸೆಸರ್. ಎಚ್610 ಮದರ್‌ಬೋರ್ಡ್, ಡಿಡಿಆರ್4. 16 ಜಿಬಿ ಡಿಡಿಆರ್5 ರ‍್ಯಾಮ್, ಒಂದೇ ಸ್ಟಿಕ್. 1 ಟಿಬಿ ಎಸ್‌ಎಸ್‌ಡಿ. ಕ್ಯಾಬಿನೆಟ್, ಜೊತೆಗೆ 450 ವ್ಯಾಟ್ ಎಸ್‌ಎಂಪಿಎಸ್ ಉಚಿತ.

ಒಂದೊಂದಾಗಿ ನೋಡಿದ್ರೆ ಯಾವುದೂ ಕೆಟ್ಟ ಪಾರ್ಟ್ ಅಲ್ಲ. ಎಲ್ಲಾ ಸೇರಿಸಿ ನೋಡಿದ್ರೆ ಆ ಕಂಪ್ಯೂಟರ್ ಆನ್ ಆಗೋದೇ ಇಲ್ಲ! ಆನ್ ಆದ್ರೂ ಪರದೆ ಮೇಲೆ ಒಂದು ಗೆರೆ ಕೂಡ ಮೂಡಲ್ಲ. ಯಾಕೆ? ಅದನ್ನ ಹೇಳೋಕೆ ಮುಂಚೆ ನನ್ನದೇ ಒಂದು ಕಥೆ ಹೇಳಿಬಿಡ್ತೀನಿ. ಯಾಕಂದ್ರೆ ಈ ವಿಷಯದಲ್ಲಿ ಬುದ್ಧಿ ಹೇಳೋ ಅರ್ಹತೆ ನನಗೆ ಬಂದಿದ್ದು ಓದಿನಿಂದ ಅಲ್ಲ, ಪೆಟ್ಟು ತಿಂದು.

2009ನೇ ಇಸವಿ. ನಾನು ಎಂಜಿನಿಯರಿಂಗ್ ಎರಡನೇ ವರ್ಷ. ಅಮ್ಮ ಚೀಟಿ ಹಾಕಿ, ಬಟ್ಟೆ ಹೊಲಿದು ಕೂಡಿಟ್ಟ ದುಡ್ಡು ಕೈಗಿಟ್ಟು "ಕಂಪ್ಯೂಟರ್ ತಗೋ" ಅಂದಳು. ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋದೆ. ನಿಮಗೆ ಗೊತ್ತಿರಬಹುದು, ಟೌನ್ ಹಾಲ್ ಹತ್ತಿರದ ಆ ಗಲ್ಲಿಗಳಲ್ಲಿ ಕಂಪ್ಯೂಟರಿಗೆ ಬೇಕಾದ್ದು ಸಿಗಲ್ಲ ಅನ್ನೋ ಮಾತೇ ಇಲ್ಲ. ಒಂದು ಅಂಗಡಿಯಲ್ಲಿ ಮದರ್‌ಬೋರ್ಡ್ ತಗೊಂಡೆ. ರ‍್ಯಾಮ್ ಪಕ್ಕದ ಗಲ್ಲಿಯಲ್ಲಿ ಇನ್ನೂರು ರೂಪಾಯಿ ಕಡಿಮೆ ಅಂತ ಅಲ್ಲಿ ತಗೊಂಡೆ. ನನ್ನ ಬೋರ್ಡ್ ಡಿಡಿಆರ್2. ನಾನು ತಂದಿದ್ದು ಆಗಷ್ಟೇ ಎಲ್ಲೆಡೆ ಬರ್ತಿದ್ದ ಡಿಡಿಆರ್3. ಹೊಸದು ಅಂದ್ರೆ ಒಳ್ಳೇದು ಅಂದುಕೊಂಡಿದ್ದೆ. ಅಂಗಡಿಯವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮನೆಗೆ ಬಂದು ಕೂರಿಸೋಕೆ ಹೋದ್ರೆ ಕೂರ್ತಿಲ್ಲ. ಹೊಸ ವಸ್ತು, ಸ್ವಲ್ಪ ಬಿಗಿ ಇರುತ್ತೆ ಅಂತ ಎರಡೂ ಹೆಬ್ಬೆರಳು ಇಟ್ಟು ಅಮುಕಿದೆ. ಕಟ್ ಅಂತ ಸದ್ದು ಬಂತು. ಸ್ಲಾಟ್ ಸೀಳಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಅದು ನಾನೇ. ಮುರಿದ ಬೋರ್ಡಿಗೆ ವಾರಂಟಿ ಇಲ್ಲ. ಅಮ್ಮನಿಗೆ "ಒಂದು ಪಾರ್ಟ್ ಸ್ಟಾಕ್ ಇಲ್ಲ, ಬರೋದು ತಡ ಆಗುತ್ತೆ" ಅಂತ ಸುಳ್ಳು ಹೇಳಿದೆ. ನಾಲ್ಕು ತಿಂಗಳು ಹೈಸ್ಕೂಲ್ ಮಕ್ಕಳಿಗೆ ಗಣಿತ ಟ್ಯೂಷನ್ ಮಾಡಿ ಇನ್ನೊಂದು ಬೋರ್ಡ್ ತಗೊಂಡೆ.

ಅದಕ್ಕೇ ಹೇಳ್ತಿದ್ದೀನಿ. ಕಂಪ್ಯೂಟರ್ ಜೋಡಿಸೋದು ಅಂದ್ರೆ ಒಳ್ಳೊಳ್ಳೆ ಪಾರ್ಟ್ ಆರಿಸೋದಲ್ಲ. ಒಂದಕ್ಕೊಂದು ಹೊಂದೋ ಪಾರ್ಟ್ ಆರಿಸೋದು. ಮದುವೆಗೆ ಜಾತಕ ಕೂಡಿಸ್ತೀವಲ್ಲ, ಹಾಗೆ. ಹುಡುಗನೂ ಒಳ್ಳೆಯವನೇ, ಹುಡುಗಿಯೂ ಒಳ್ಳೆಯವಳೇ, ಆದ್ರೆ ಕೂಡಿ ಬರಬೇಕಲ್ಲ? ವ್ಯತ್ಯಾಸ ಏನಂದ್ರೆ ಇಲ್ಲಿ ನಂಬಿಕೆ ಪ್ರಶ್ನೆಯೇ ಇಲ್ಲ, ಎಲ್ಲವೂ ಡಬ್ಬದ ಮೇಲೆ ಬರೆದಿರುತ್ತೆ. ಓದೋಕೆ ಬರಬೇಕು, ಅಷ್ಟೇ.

ಮೊದಲ ಹೊಂದಾಣಿಕೆ: ಪ್ರೊಸೆಸರ್ ಮತ್ತು ಮದರ್‌ಬೋರ್ಡ್. ಪ್ರೊಸೆಸರ್ ಕೂರೋ ಜಾಗಕ್ಕೆ ಸಾಕೆಟ್ ಅಂತಾರೆ. ಇಂಟೆಲ್ ಪ್ರೊಸೆಸರ್ ಎಎಂಡಿ ಬೋರ್ಡಿನಲ್ಲಿ ಕೂರಲ್ಲ, ಇದು ಬಹಳ ಜನಕ್ಕೆ ಗೊತ್ತು. ಆದ್ರೆ ಇಂಟೆಲ್‌ನಲ್ಲೇ ಒಂದರದ್ದು ಇನ್ನೊಂದಕ್ಕೆ ಆಗಲ್ಲ. 10 ಮತ್ತು 11ನೇ ತಲೆಮಾರಿಗೆ ಎಲ್‌ಜಿಎ 1200 ಸಾಕೆಟ್. 12, 13, 14ನೇ ತಲೆಮಾರಿಗೆ ಎಲ್‌ಜಿಎ 1700. 2024ರಲ್ಲಿ ಬಂದ ಡೆಸ್ಕ್‌ಟಾಪ್ ಕೋರ್ ಅಲ್ಟ್ರಾ 200 ಸರಣಿಗೆ ಎಲ್‌ಜಿಎ 1851. ಆ ಸಂಖ್ಯೆ ಏನು ಗೊತ್ತಾ? ಪ್ರೊಸೆಸರ್ ಬೋರ್ಡನ್ನು ಮುಟ್ಟೋ ಬಿಂದುಗಳ ಲೆಕ್ಕ. ಎಎಂಡಿಯಲ್ಲಿ ಹಳೆಯದು ಎಎಂ4, 2022ರಿಂದ ಬಂದದ್ದು ಎಎಂ5.

ಸಂಖ್ಯೆ ಒಂದೇ ಇದ್ದ ಮಾತ್ರಕ್ಕೆ ಮುಗೀತಾ? ಇಲ್ಲ. ಇಂಟೆಲ್‌ನ 6ನೇ ತಲೆಮಾರಿನಿಂದ 9ನೇ ತಲೆಮಾರಿನವರೆಗೂ ಸಾಕೆಟ್ ಹೆಸರು ಎಲ್‌ಜಿಎ 1151ಯೇ. ಆದ್ರೂ 8ನೇ ತಲೆಮಾರಿನ ಪ್ರೊಸೆಸರ್ 6 ಮತ್ತು 7ನೇ ತಲೆಮಾರಿಗೆ ಅಂತ ಮಾಡಿದ ಬೋರ್ಡಿನಲ್ಲಿ ಕೆಲಸ ಮಾಡಲ್ಲ. ಹಳೇ ಪಾರ್ಟ್ ತಗೊಳ್ಳೋರು ಇಲ್ಲೇ ಬೀಳ್ತಾರೆ. ಕೂತಿತು ಅಂತ ಖುಷಿಪಡ್ತಾರೆ, ಆನ್ ಆಗಲ್ಲ.

ಇನ್ನೊಂದು ಇದೆ, ಬಯಾಸ್. ಮದರ್‌ಬೋರ್ಡಿನ ಚಿಪ್ ಒಂದರಲ್ಲಿ ಕೂತಿರೋ ಪುಟ್ಟ ಸಾಫ್ಟ್‌ವೇರ್ ಅದು. ಪ್ರೊಸೆಸರ್ ಯಾರು ಅಂತ ಗುರುತು ಹಿಡಿಯೋದು ಅದರ ಕೆಲಸ. ಎಚ್610, ಬಿ660 ಬೋರ್ಡ್‌ಗಳು ಬಂದಿದ್ದು 2022ರ ಜನವರಿಯಲ್ಲಿ. 13ನೇ ತಲೆಮಾರಿನ ಪ್ರೊಸೆಸರ್ ಬಂದಿದ್ದು ಅದೇ ವರ್ಷ ಅಕ್ಟೋಬರ್‌ನಲ್ಲಿ. ಮೊದಲ ಕಂತಿನಲ್ಲಿ ಬಂದು ಅಂಗಡಿಯಲ್ಲೇ ಕೂತಿದ್ದ ಬೋರ್ಡಿಗೆ ಆಮೇಲೆ ಹುಟ್ಟಿದ ಪ್ರೊಸೆಸರ್ ಹೇಗೆ ಗೊತ್ತಿರುತ್ತೆ? ಬಯಾಸ್ ಅಪ್‌ಡೇಟ್ ಆಗಬೇಕು. ಎಎಂಡಿಯಲ್ಲೂ ಇದೇ ಕಥೆ, ಬಿ450 ಬೋರ್ಡಿಗೆ ರೈಝನ್ 5000 ಸರಣಿ ಹಾಕೋದಾದ್ರೆ ಹೊಸ ಬಯಾಸ್ ಬೇಕೇ ಬೇಕು. "ಈ ಬೋರ್ಡು ಈ ಪ್ರೊಸೆಸರನ್ನ ಈಗಿರೋ ಬಯಾಸ್‌ನಲ್ಲೇ ಹಿಡಿಯುತ್ತಾ? ಇಲ್ಲ ಅಂದ್ರೆ ಅಪ್‌ಡೇಟ್ ಮಾಡಿ ಕೊಡ್ತೀರಾ?" ಇದನ್ನ ದುಡ್ಡು ಕೊಡೋಕೆ ಮುಂಚೆ ಕೇಳಿ. ಬೋರ್ಡ್ ಕಂಪನಿಯ ವೆಬ್‌ಸೈಟ್‌ನಲ್ಲಿ ಪ್ರೊಸೆಸರ್‌ಗಳ ಪಟ್ಟಿ ಇರುತ್ತೆ. ಯಾವ ಪ್ರೊಸೆಸರ್‌ಗೆ ಯಾವ ಬಯಾಸ್ ಆವೃತ್ತಿ ಅಂತ ಅದರಲ್ಲೇ ಇರುತ್ತೆ.

ಎರಡನೇದು, ನನಗೆ ಪೆಟ್ಟು ಕೊಟ್ಟ ರ‍್ಯಾಮ್. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್. ಉದ್ದವೂ ಒಂದೇ. ಆದ್ರೆ ಕೆಳಗಡೆ ಒಂದು ಕಚ್ಚು ಇರುತ್ತೆ ನೋಡಿ, ಅದರ ಜಾಗ ಬೇರೆ. ತಪ್ಪು ರ‍್ಯಾಮ್ ಕೂರಬಾರದು ಅಂತಲೇ ಆ ಕಚ್ಚು ಇಟ್ಟಿರೋದು. ಡಿಡಿಆರ್4 ಸಾಮಾನ್ಯವಾಗಿ 1.2 ವೋಲ್ಟ್, ಡಿಡಿಆರ್5 1.1 ವೋಲ್ಟ್. ಒಳಗಿನ ವ್ಯವಸ್ಥೆಯೇ ಬೇರೆ. ಎಎಂ5 ಬೋರ್ಡುಗಳು ಡಿಡಿಆರ್5 ಮಾತ್ರ ತಗೊಳ್ತವೆ, ಗೊಂದಲ ಇಲ್ಲ. ಗೊಂದಲ ಇರೋದು ಎಲ್‌ಜಿಎ 1700ರಲ್ಲಿ. ಆ ಪ್ರೊಸೆಸರ್‌ಗೆ ಎರಡೂ ಆಗುತ್ತೆ, ಆದ್ರೆ ಬೋರ್ಡಿನಲ್ಲಿ ಇರೋದು ಸಾಮಾನ್ಯವಾಗಿ ಒಂದೇ ಬಗೆಯ ಸ್ಲಾಟ್. ಒಂದೇ ಎಚ್610 ಹೆಸರಲ್ಲಿ ಡಿಡಿಆರ್4 ಬೋರ್ಡೂ ಇದೆ, ಡಿಡಿಆರ್5 ಬೋರ್ಡೂ ಇದೆ. ಹಾವೇರಿಯ ಪಟ್ಟಿಯಲ್ಲಿ ಆಗಿದ್ದೂ ಇದೇ. ಬೋರ್ಡು ಡಿಡಿಆರ್4, ರ‍್ಯಾಮ್ ಡಿಡಿಆರ್5. ಹದಿನೈದು ವರ್ಷ ಕಳೆದ ಮೇಲೂ ನಾನು ಬಿದ್ದ ಹಳ್ಳದಲ್ಲೇ ಇನ್ನೊಬ್ಬರು!

ಇದರ ಜೊತೆಗೆ, ಒಂದು 16 ಜಿಬಿ ಸ್ಟಿಕ್ ಬದಲು ಎರಡು 8 ಜಿಬಿ ಹಾಕಿದ್ರೆ ಪ್ರೊಸೆಸರ್ ಎರಡು ದಾರಿಯಲ್ಲಿ ಒಟ್ಟಿಗೆ ಮಾಹಿತಿ ತರುತ್ತೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್‌ನಲ್ಲಂತೂ ಇದರಿಂದ ವೇಗ ಚೆನ್ನಾಗಿಯೇ ಹೆಚ್ಚುತ್ತೆ. ನಾಲ್ಕು ಸ್ಲಾಟ್ ಇದ್ರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೇದು ಮತ್ತು ನಾಲ್ಕನೇದರಲ್ಲಿ ಹಾಕಬೇಕು. ಬೋರ್ಡಿನ ಪುಸ್ತಕದಲ್ಲಿ ಬರೆದಿರುತ್ತೆ. ಆ ಪುಸ್ತಕವನ್ನ ಡಬ್ಬದ ಜೊತೆ ಅಟ್ಟಕ್ಕೆ ಎಸೀಬೇಡಿ ಸ್ವಾಮಿ, ಓದಿ.

ಮೂರನೇದು, ಒಂದೇ ಒಂದು ಅಕ್ಷರದ ವಿಷಯ. ಐ5-12400 ಮತ್ತು ಐ5-12400ಎಫ್. ಆ ಕೊನೆಯ 'ಎಫ್' ಇದ್ರೆ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ. ಪರದೆ ಮೇಲೆ ಚಿತ್ರ ಮೂಡಿಸೋಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು. ಮದರ್‌ಬೋರ್ಡ್ ಹಿಂದೆ ಎಚ್‌ಡಿಎಂಐ ಕಿಂಡಿ ಇದೆಯಲ್ಲ ಅಂತೀರಾ? ಇದೆ. ಆದ್ರೆ ಆ ಕಿಂಡಿಗೆ ಚಿತ್ರ ಬರೋದು ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಿಂದ. ಬಾವಿಯಲ್ಲಿ ನೀರಿಲ್ಲ, ನಲ್ಲಿ ಇದ್ದು ಏನು ಪ್ರಯೋಜನ? ಎಎಂಡಿಯಲ್ಲೂ ಹೀಗೇ. ರೈಝನ್ 5 5600ರಲ್ಲಿ ಗ್ರಾಫಿಕ್ಸ್ ಇಲ್ಲ, 5600ಜಿಯಲ್ಲಿ ಇದೆ. ಎಫ್ ಮಾದರಿ ಸ್ವಲ್ಪ ಅಗ್ಗ, ಅದಕ್ಕೇ ಪಟ್ಟಿಗಳಲ್ಲಿ ನುಸುಳುತ್ತೆ. ಹಾವೇರಿ ಪಟ್ಟಿಯಲ್ಲಿ ಎಫ್ ಇತ್ತು, ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ. ಎರಡನೇ ತಪ್ಪು ಅದು.

ನಾಲ್ಕನೇದು, ಎಸ್‌ಎಸ್‌ಡಿ. "1 ಟಿಬಿ ಎಸ್‌ಎಸ್‌ಡಿ" ಅಂತ ಬರೆದ್ರೆ ಸಾಲದು. ಯಾವ ಎಸ್‌ಎಸ್‌ಡಿ? ಪುಟ್ಟ ಡಬ್ಬಿಯ ಹಾಗಿರೋ 2.5 ಇಂಚಿನದು ಸಾಟಾ, ಅದು ಸೆಕೆಂಡಿಗೆ ಸುಮಾರು 550 ಎಂಬಿಯ ಹತ್ತಿರ ನಿಲ್ಲುತ್ತೆ. ಚ್ಯೂಯಿಂಗ್ ಗಮ್ ಪಟ್ಟಿಯ ಹಾಗೆ ತೆಳ್ಳಗಿರೋದು ಎಂ.2. ಇಲ್ಲೇ ಎಡವಟ್ಟು. ಎಂ.2 ಅನ್ನೋದು ಆಕಾರದ ಹೆಸರು, ಭಾಷೆಯ ಹೆಸರಲ್ಲ. ಅದೇ ಆಕಾರದಲ್ಲಿ ಸಾಟಾ ಮಾತಾಡೋದೂ ಇದೆ, ಎನ್‌ವಿಎಂಇ ಮಾತಾಡೋದೂ ಇದೆ. ನಿಮ್ಮ ಬೋರ್ಡಿನ ಸ್ಲಾಟಿಗೆ ಎನ್‌ವಿಎಂಇ ಮಾತ್ರ ಅರ್ಥ ಆಗೋದಾದ್ರೆ ಸಾಟಾ ಎಂ.2 ಹಾಕಿದಾಗ ಕಂಪ್ಯೂಟರಿಗೆ ಅಲ್ಲೊಂದು ಡಿಸ್ಕ್ ಇದೆ ಅಂತಲೇ ಗೊತ್ತಾಗಲ್ಲ. ಇನ್ನು ಅದರ ಮೇಲೆ 2280 ಅಂತ ಬರೆದಿದ್ರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ ಅಂತ ಅರ್ಥ.

ಐದನೇದು, ಎಲ್ಲರೂ ಕಡೆಗಣಿಸೋದು: ಎಸ್‌ಎಂಪಿಎಸ್, ಅಂದ್ರೆ ಪವರ್ ಸಪ್ಲೈ. ಇದು ಮನೆಯ ಅಡಿಪಾಯ ಇದ್ದ ಹಾಗೆ, ಕಣ್ಣಿಗೆ ಕಾಣಲ್ಲ, ಅದಕ್ಕೇ ದುಡ್ಡು ಉಳಿಸೋಕೆ ಎಲ್ಲರೂ ಕೈ ಹಾಕೋದು ಇಲ್ಲಿಗೇ. ಲೆಕ್ಕ ಹೇಳ್ತೀನಿ ಕೇಳಿ. ಐ5-12400 ಪೂರ್ತಿ ದಮ್ಮು ಕಟ್ಟಿ ಓಡಿದ್ರೆ 117 ವ್ಯಾಟ್‌ವರೆಗೆ ಎಳೆಯಬಹುದು ಅಂತ ಇಂಟೆಲ್ ಹೇಳುತ್ತೆ. ಮುಂದೆ ಎನ್‌ವಿಡಿಯಾ ಆರ್‌ಟಿಎಕ್ಸ್ 3060 ಥರದ ಕಾರ್ಡ್ ಹಾಕಿದ್ರೆ ಅದಕ್ಕೆ 170 ವ್ಯಾಟ್. ಎರಡೂ ಸೇರಿ 287. ಬೋರ್ಡು, ರ‍್ಯಾಮ್, ಡಿಸ್ಕ್, ಫ್ಯಾನ್ ಅಂತ ಇನ್ನೊಂದು ಐವತ್ತು ಅರವತ್ತು ಸೇರಿಸಿ. 350ರ ಹತ್ತಿರ ಬಂತು. ಕ್ಷಣಮಾತ್ರ ಏರುವ ಬೇಡಿಕೆಗೂ ಜಾಗ ಇರಲಿ ಅಂತ ಆ ಕಾರ್ಡಿಗೆ ಎನ್‌ವಿಡಿಯಾ ಶಿಫಾರಸು ಮಾಡೋದು 550 ವ್ಯಾಟ್ ಪವರ್ ಸಪ್ಲೈ.

ಉಚಿತವಾಗಿ ಬರೋ 450 ವ್ಯಾಟ್ ನಿಜವಾಗಿ 450ಯಾ? ಅದರ ಪಕ್ಕದ ಲೇಬಲ್ ಓದಿ. 12 ವೋಲ್ಟ್ ಎದುರು ಎಷ್ಟು ಆಂಪಿಯರ್ ಬರೆದಿದೆ ನೋಡಿ, 12ರಿಂದ ಗುಣಿಸಿ. 18 ಆಂಪಿಯರ್ ಅಂತಿದ್ರೆ 12 ಗುಣಿಸು 18, 216 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಮುಖ್ಯವಾಗಿ ಕುಡಿಯೋದು ಈ 12 ವೋಲ್ಟಿನಿಂದಲೇ. ಡಬ್ಬದ ಮೇಲೆ ದೊಡ್ಡದಾಗಿ ಬರೆದ ಸಂಖ್ಯೆ ಜಾಹೀರಾತು, ಲೇಬಲ್ ಮೇಲಿನ ಸಣ್ಣಕ್ಷರ ಸತ್ಯ. ಹಾಗೇ, ಕಾರ್ಡಿಗೆ ಬೇಕಾದ 6+2 ಪಿನ್ ವೈರ್, ಪ್ರೊಸೆಸರ್‌ಗೆ ಬೇಕಾದ 4+4 ಪಿನ್ ವೈರ್ ಇದೆಯಾ ನೋಡಿಕೊಳ್ಳಿ. 80 ಪ್ಲಸ್ ಅಂತ ಮುದ್ರೆ ಇದ್ರೆ ಅದು ಕರೆಂಟ್ ಎಷ್ಟು ಪೋಲಾಗುತ್ತೆ ಅನ್ನೋದರ ಅಳತೆ ಮಾತ್ರ, ಗುಣಮಟ್ಟಕ್ಕೆ ಕೊಟ್ಟ ಪೂರ್ತಿ ಸರ್ಟಿಫಿಕೇಟ್ ಅಲ್ಲ. ಇನ್ನೊಂದು ಎಚ್ಚರಿಕೆ: ವೈರ್ ಬಿಚ್ಚಿ ಹಾಕೋ ಮಾಡ್ಯುಲರ್ ಎಸ್‌ಎಂಪಿಎಸ್ ಆದ್ರೆ ಒಂದು ಕಂಪನಿಯ ವೈರನ್ನ ಇನ್ನೊಂದಕ್ಕೆ ಚುಚ್ಚಬೇಡಿ. ತುದಿ ಕೂತರೂ ಒಳಗಿನ ಜೋಡಣೆ ಬೇರೆ ಇರಬಹುದು. ಒಂದೇ ಕ್ಷಣದಲ್ಲಿ ಡಿಸ್ಕು, ಬೋರ್ಡು ಎಲ್ಲಾ ಸುಟ್ಟುಹೋಗಬಹುದು.

ನಮ್ಮೂರುಗಳಲ್ಲಿ ಕರೆಂಟ್ ಕಥೆ ನಿಮಗೇ ಗೊತ್ತು. ಯುಪಿಎಸ್ ತಗೊಳ್ಳೋವಾಗ ವಿಎ ನೋಡಬೇಡಿ, ವ್ಯಾಟ್ ನೋಡಿ. 600 ವಿಎ ಅಂತ ಬರೆದಿರೋ ಎಷ್ಟೋ ಯುಪಿಎಸ್‌ಗಳು ಹೊರೋದು 360 ವ್ಯಾಟ್ ಮಾತ್ರ. ಮಾನಿಟರ್ ಕೂಡ ಅದರಲ್ಲೇ ಸೇರಬೇಕು. ಮನೆಯ ಪ್ಲಗ್‌ಗೆ ಅರ್ಥಿಂಗ್ ಸರಿಯಾಗಿದೆಯಾ ಅಂತ ಒಮ್ಮೆ ಎಲೆಕ್ಟ್ರಿಶಿಯನ್‌ಗೆ ತೋರಿಸಿ.

ಆರನೇದು, ಜಾಗ. ಇದಕ್ಕೆ ಒಂದು ಟೇಪು ಸಾಕು. ಎಟಿಎಕ್ಸ್ ಬೋರ್ಡು 305 ಗುಣಿಸು 244 ಮಿಲಿಮೀಟರ್. ಮೈಕ್ರೋ ಎಟಿಎಕ್ಸ್ ಹೆಚ್ಚೆಂದ್ರೆ 244 ಗುಣಿಸು 244. ಮಿನಿ ಐಟಿಎಕ್ಸ್ 170 ಗುಣಿಸು 170. ದೊಡ್ಡ ಕ್ಯಾಬಿನೆಟ್‌ನಲ್ಲಿ ಚಿಕ್ಕ ಬೋರ್ಡ್ ಸಾಮಾನ್ಯವಾಗಿ ಕೂರುತ್ತೆ, ಚಿಕ್ಕದರಲ್ಲಿ ದೊಡ್ಡದು ಕೂರಲ್ಲ. ಗ್ರಾಫಿಕ್ಸ್ ಕಾರ್ಡಿನ ಉದ್ದ, ಕೂಲರ್‌ನ ಎತ್ತರ ಎಷ್ಟರವರೆಗೆ ಹಿಡಿಯುತ್ತೆ ಅಂತ ಕ್ಯಾಬಿನೆಟ್ ವಿವರದಲ್ಲಿ ಇರುತ್ತೆ. ಹಳೇ ಕೂಲರ್ ಮನೆಯಲ್ಲಿದೆ, ಅದನ್ನೇ ಹಾಕ್ತೀನಿ ಅನ್ನೋರಿಗೆ ಒಂದು ಮಾತು: ಎಲ್‌ಜಿಎ 1200ರಲ್ಲಿ ಕೂಲರ್ ಸ್ಕ್ರೂ ತೂತುಗಳ ಅಂತರ 75 ಮಿಲಿಮೀಟರ್, ಎಲ್‌ಜಿಎ 1700ರಲ್ಲಿ 78. ಮೂರೇ ಮಿಲಿಮೀಟರ್ ವ್ಯತ್ಯಾಸ, ಆದ್ರೂ ಹೊಸ ಬ್ರಾಕೆಟ್ ಬೇಕು.

ಇಷ್ಟೆಲ್ಲ ಕೇಳಿ ಭಯ ಆಯ್ತಾ? ಬೇಡ. ಎಲ್ಲವೂ ಇಷ್ಟು ಹಠಮಾರಿ ಅಲ್ಲ. ಉದಾಹರಣೆಗೆ ಗ್ರಾಫಿಕ್ಸ್ ಕಾರ್ಡ್ ಕೂರೋ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್. ಹೊಸ ತಲೆಮಾರಿನ ಕಾರ್ಡು ಹಳೇ ತಲೆಮಾರಿನ ಸ್ಲಾಟಿನಲ್ಲಿ ಸಾಮಾನ್ಯವಾಗಿ ಕೆಲಸ ಮಾಡುತ್ತೆ, ವೇಗ ಸ್ವಲ್ಪ ತಗ್ಗಬಹುದು ಅಷ್ಟೇ.

ಹಾಗಾದ್ರೆ ಹಾವೇರಿಯವರಿಗೆ ಏನು ಹೇಳಿದೆ? ಮೊದಲು ಕೇಳಿದ್ದು, "ಮಗಳು ಈಗ ಮಾಡೋದೇನು?" ಎರಡು ಆಯಾಮದ ಡ್ರಾಯಿಂಗ್. ಮೂರು ಆಯಾಮದ ರೆಂಡರಿಂಗ್ ಬರೋದು ಮುಂದಿನ ವರ್ಷ. ಅಲ್ಲಿಗೆ ದಾರಿ ಸಿಕ್ಕಿತು. ಎಫ್ ಬಿಟ್ಟು ಬರೀ 12400 ತಗೊಳ್ಳಿ, ಅದರೊಳಗೆ ಗ್ರಾಫಿಕ್ಸ್ ಇದೆ, ಸದ್ಯಕ್ಕೆ ಸಾಕು. ಬೋರ್ಡು ಅದೇ ಇರಲಿ, ರ‍್ಯಾಮ್ ಡಿಡಿಆರ್4ಗೆ ಬದಲಿಸಿ, ಎರಡು 8 ಜಿಬಿ. ಎಸ್‌ಎಸ್‌ಡಿ ಎನ್‌ವಿಎಂಇ ಅಂತ ಬರೆಸಿ. ಉಚಿತ ಎಸ್‌ಎಂಪಿಎಸ್ ಬೇಡ ಅಂದು ಒಳ್ಳೆಯ 550 ವ್ಯಾಟ್‌ನದ್ದು ದುಡ್ಡು ಕೊಟ್ಟು ತಗೊಳ್ಳಿ. ಮುಂದಿನ ವರ್ಷ ಕೈಯಲ್ಲಿ ದುಡ್ಡಾದಾಗ ಕಾರ್ಡ್ ಒಂದನ್ನ ಸೇರಿಸಿದ್ರೆ ಆಯ್ತು, ಬೇರೆ ಯಾವುದನ್ನೂ ಬಿಸಾಕಬೇಕಾಗಿಲ್ಲ. ಬಿಲ್ ಮೇಲೆ ಪ್ರತಿ ಪಾರ್ಟಿನ ಪೂರ್ತಿ ಮಾಡೆಲ್ ಹೆಸರು ಇರಬೇಕು. ಬರೀ "ಮದರ್‌ಬೋರ್ಡ್", "ರ‍್ಯಾಮ್" ಅಂತಿದ್ರೆ ವಾರಂಟಿ ಕೇಳೋವಾಗ ನಿಮ್ಮ ಕೈಯಲ್ಲಿ ಏನೂ ಇರಲ್ಲ. ಸಾಧ್ಯ ಆದ್ರೆ ಅಂಗಡಿಯಲ್ಲೇ ಜೋಡಿಸಿ, ಆನ್ ಮಾಡಿ ತೋರಿಸಿ ಅನ್ನಿ.

ಸೋಮವಾರ ಸಂಜೆ ಅವರ ಉತ್ತರ ಬಂತು. ಅಂಗಡಿಯವರು ಪಟ್ಟಿ ತಿದ್ದಿಕೊಟ್ಟರಂತೆ. ಬೈಯಲಿಲ್ಲ, ಜಗಳ ಆಗಲಿಲ್ಲ. "ಇದನ್ನ ಮೊದಲೇ ಕೇಳಿದ್ರೆ ಮೊದಲೇ ಸರಿ ಮಾಡ್ತಿದ್ವಲ್ಲ" ಅಂದರಂತೆ.

ನೋಡಿ, ವಿಷಯ ಇರೋದು ಇಲ್ಲೇ. ನಾವು ಕೇಳಲ್ಲ. ಒಂದು ಕೆ.ಜಿ. ಬದನೆಕಾಯಿ ತಗೊಳ್ಳೋವಾಗ ಒಂದೊಂದನ್ನೂ ತಿರುಗಿಸಿ ನೋಡೋ ಜನ ನಾವು. ನಲವತ್ತು ಐವತ್ತು ಸಾವಿರದ ವಸ್ತು ತಗೊಳ್ಳೋವಾಗ ಇಂಗ್ಲಿಷ್ ಅಕ್ಷರ, ಸಂಖ್ಯೆ ನೋಡಿ ನಾಚಿಕೊಳ್ತೀವಿ. ಕೇಳಿದ್ರೆ ದಡ್ಡ ಅಂದುಕೊಳ್ತಾರೇನೋ ಅಂತ ತಲೆ ಆಡಿಸಿ ಬರ್ತೀವಿ. ನಾನು ಎಂಜಿನಿಯರಿಂಗ್ ವಿದ್ಯಾರ್ಥಿ ಅನ್ನೋ ಜಂಬಕ್ಕೇ ಅವತ್ತು "ಇದು ನನ್ನ ಬೋರ್ಡಿಗೆ ಆಗುತ್ತಾ?" ಅನ್ನೋ ಒಂದು ಪ್ರಶ್ನೆ ಕೇಳಲಿಲ್ಲ. ಆ ಪ್ರಶ್ನೆಗೆ ಖರ್ಚು ಏನೂ ಇರಲಿಲ್ಲ. ಕೇಳದೇ ಇದ್ದಿದ್ದಕ್ಕೆ ನಾಲ್ಕು ತಿಂಗಳು ಹೋಯ್ತು.

ನಾನು ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ ಅಮ್ಮನಿಗೆ ನಿಜ ಹೇಳಿದೆ. ಅವಳು ಹೊಲಿಗೆ ಯಂತ್ರದಿಂದ ತಲೆ ಎತ್ತದೇ ಅಂದಳು, "ಅವತ್ತೇ ಗೊತ್ತಿತ್ತು ಕಣೋ. ಮಂಚದ ಕೆಳಗೆ ಕಸ ಗುಡಿಸೋವಾಗ ಡಬ್ಬ ನೋಡಿದ್ದೆ. ನೀನೇ ಹೇಳ್ತೀಯ ಅಂತ ಕಾದೆ."

ಆ ಸೀಳಿದ ಬೋರ್ಡು ಈಗಲೂ ನನ್ನ ಮನೆಯಲ್ಲಿದೆ. ಅಂಗಡಿಗೆ ಹೋಗೋ ಮುಂಚೆ ಪಟ್ಟಿ ಬರೀರಿ, ಪ್ರತಿ ಪಾರ್ಟಿನ ಪಕ್ಕ ಅದು ಯಾವುದಕ್ಕೆ ಹೊಂದಬೇಕು ಅಂತಲೂ ಬರೀರಿ, ಬಾಯಿಬಿಟ್ಟು ಕೇಳಿ. ಕೂರದೇ ಇದ್ರೆ ಮಾತ್ರ ದಯವಿಟ್ಟು ಅಮುಕಬೇಡಿ.